ಮಾತ್ರೆಗೆ ಮೊದಲು ತಟ್ಟೆ: ಮೆಗ್ನೀಸಿಯಂ ಸಾಕಷ್ಟು ಪಡೆಯುವ ಬಗೆ

ಕೆಲವು ವರ್ಷಗಳ ಹಿಂದೆ ಔಷಧ ಅಂಗಡಿಗಳ ಕಪಾಟಿನಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಡಬ್ಬಿಗಳಿಗಿದ್ದ ಪ್ರಾಶಸ್ತ್ಯ ಈಗ ಮೆಗ್ನೀಸಿಯಂ ಡಬ್ಬಿಗಳಿಗೂ ದೊರೆತಿದೆ. ನಿದ್ರೆ ಬಾರದವರಿಗೆ, ಮೀನಖಂಡ ಸೆಳೆಯುವವರಿಗೆ, ಸುಸ್ತು ಎನ್ನುವವರಿಗೆ, ರಕ್ತದೊತ್ತಡ ಇರುವವರಿಗೆ, ಎಲ್ಲರಿಗೂ ಅದೇ ಮದ್ದು ಎಂಬ ಮಾತು ಹರಡಿದೆ. ಈ ಮಾತಿನಲ್ಲಿ ನಿಜವೂ ಇದೆ, ವ್ಯಾಪಾರವೂ ಇದೆ. ಮೆಗ್ನೀಸಿಯಂ ದೇಹಕ್ಕೆ ಅನಿವಾರ್ಯವಾದ ಖನಿಜ ಎಂಬುದು ನಿಜ. ಆದರೆ ಮೂತ್ರಪಿಂಡ ಮತ್ತು ಕರುಳು ಸರಿಯಾಗಿರುವ ಬಹುತೇಕ ಜನರು ಅದನ್ನು ಡಬ್ಬಿಯಿಂದ ಪಡೆಯಬೇಕಾಗಿಲ್ಲ. ದಿನದ ಒಂದು ಹೊತ್ತಿನ ಧಾನ್ಯವನ್ನು ಬದಲಿಸಿ, ಬೇಯಿಸುವ ಕ್ರಮದಲ್ಲಿ ಒಂದೆರಡು ಅಭ್ಯಾಸಗಳನ್ನು ತಿದ್ದಿಕೊಂಡರೆ ಬೇಕಾದಷ್ಟು ಮೆಗ್ನೀಸಿಯಂ ಅಡುಗೆಮನೆಯಲ್ಲಿಯೇ ಸಿಗುತ್ತದೆ. ಅದನ್ನು ಪಡೆಯುವ ಬಗೆಯನ್ನೂ, ಮಾತ್ರೆ ನಿಜವಾಗಿ ಬೇಕಾಗುವ ಸಂದರ್ಭಗಳನ್ನೂ ಇಲ್ಲಿ ವಿವರಿಸಲಾಗಿದೆ.

ದೇಹದಲ್ಲಿ ಅದರ ಕೆಲಸ

ವಯಸ್ಕರ ದೇಹದಲ್ಲಿ ಒಟ್ಟು ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಲುಬಿನಲ್ಲಿಯೂ ಉಳಿದ ಬಹುಪಾಲು ಸ್ನಾಯು ಮತ್ತಿತರ ಮೃದು ಅಂಗಾಂಶಗಳಲ್ಲಿಯೂ ಸೇರಿಕೊಂಡಿದ್ದು, ರಕ್ತದಲ್ಲಿ ತಿರುಗಾಡುವ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ನಮ್ಮ ಜೀವಕೋಶಗಳು ಶಕ್ತಿಯನ್ನು ಕೂಡಿಟ್ಟುಕೊಂಡು ವ್ಯಯಿಸುವುದು ಎಟಿಪಿ ಎಂಬ ಅಣುವಿನ ಮೂಲಕ. ಆ ಅಣು ಮೆಗ್ನೀಸಿಯಂ ಜೊತೆಗೂಡಿದಾಗಲೇ ಕೆಲಸಕ್ಕೆ ಒದಗುತ್ತದೆ. ಮುನ್ನೂರಕ್ಕೂ ಹೆಚ್ಚು ಕಿಣ್ವಗಳು ಈ ಖನಿಜವನ್ನು ಅವಲಂಬಿಸಿವೆ. ಪ್ರೋಟೀನ್ ತಯಾರಿಕೆ, ರಕ್ತದ ಸಕ್ಕರೆಯ ಬಳಕೆ, ನರಗಳ ಸಂದೇಶ ಸಾಗಾಟ, ಹೃದಯದ ಬಡಿತದ ಲಯ ಇವೆಲ್ಲವೂ ಆ ಪಟ್ಟಿಯಲ್ಲಿ ಬರುತ್ತವೆ. ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕಾದರೆ ಸಡಿಲಗೊಳ್ಳಲು ಮೆಗ್ನೀಸಿಯಂ ಬೇಕು. ಆದ್ದರಿಂದಲೇ ಅದರ ತೀವ್ರ ಕೊರತೆಯಲ್ಲಿ ಬೆರಳುಗಳು ಸೆಟೆದುಕೊಳ್ಳುತ್ತವೆ.

ಇಷ್ಟೆಲ್ಲ ಕೆಲಸ ಮಾಡುವ ವಸ್ತುವನ್ನು ಹೆಚ್ಚು ಹೆಚ್ಚು ನುಂಗಿದರೆ ಆರೋಗ್ಯವೂ ಅಷ್ಟೇ ಹೆಚ್ಚುತ್ತದೆ ಎಂದು ತೀರ್ಮಾನಿಸುವುದು ತಪ್ಪು. ಯಾವ ತೊಂದರೆಗೆ ಎಷ್ಟು ಆಧಾರವಿದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ. ಅತ್ಯಂತ ಗಟ್ಟಿಯಾದ ಆಧಾರವಿರುವುದು ಹೆರಿಗೆ ವಾರ್ಡಿನಲ್ಲಿ. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾ ಎಂಬ ಮಾರಕ ಸ್ಥಿತಿಯನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದನ್ನು ಕೊಡುತ್ತಾರೆ. 33 ದೇಶಗಳ 10,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಎಂಬ ಪ್ರಯೋಗದಲ್ಲಿ ಈ ಔಷಧ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತಲೂ ಕೆಳಗಿಳಿಸಿತು. ಆದರೆ ಇದು ಆಸ್ಪತ್ರೆಯ ಚಿಕಿತ್ಸೆಯೇ ಹೊರತು ಮನೆಯಲ್ಲಿ ನುಂಗುವ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ. ಮಲಬದ್ಧತೆಗೆ ಮಿಲ್ಕ್ ಆಫ್ ಮೆಗ್ನೀಷಿಯಾ ಎಂಬ ಮೆಗ್ನೀಸಿಯಂ ಹೈಡ್ರಾಕ್ಸೈಡ್ ದ್ರವವನ್ನು ಕೊಡುವ ರೂಢಿಗೂ ಗಟ್ಟಿ ಆಧಾರವಿದೆ. ಹೀರಿಕೆಯಾಗದೆ ಕರುಳಿನಲ್ಲಿ ಉಳಿದ ಲವಣ ನೀರನ್ನು ಸೆಳೆದುಕೊಂಡು ಮಲವನ್ನು ಮೆದುವಾಗಿಸುತ್ತದೆ.

ಅರೆತಲೆನೋವು ಮತ್ತೆ ಮತ್ತೆ ಕಾಡುವವರಲ್ಲಿ ಅದರ ಸರದಿಯನ್ನು ಕಡಿಮೆ ಮಾಡಲು ಮೆಗ್ನೀಸಿಯಂ ಬಹುಶಃ ನೆರವಾಗುತ್ತದೆ ಎಂದು ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2012ರ ಮಾರ್ಗಸೂಚಿಯಲ್ಲಿ ಹೇಳಿತ್ತು. ರಕ್ತದೊತ್ತಡದ ಮೇಲೂ ಪರಿಣಾಮವಿದೆ, ಆದರೆ ಅದು ಎರಡು ಅಂಕಗಳಷ್ಟು ಇಳಿಯುವ ಸಣ್ಣ ಪರಿಣಾಮ. ಬಿಪಿ ಮಾತ್ರೆಯನ್ನು ಬಿಟ್ಟು ಇದನ್ನು ಹಿಡಿಯುವಷ್ಟು ದೊಡ್ಡದಲ್ಲ. ಮೆಗ್ನೀಸಿಯಂ ಹೆಚ್ಚಿರುವ ಆಹಾರ ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಕಂಡುಬಂದಿರುವುದು ನಿಜವಾದರೂ, ಅಂಥವರು ತಿನ್ನುವ ಇಡಿಧಾನ್ಯ, ಕಾಳು, ಸೊಪ್ಪುಗಳಲ್ಲಿ ನಾರೂ ಇರುವುದರಿಂದ ಕೀರ್ತಿಯೆಲ್ಲವನ್ನೂ ಒಂದೇ ಖನಿಜಕ್ಕೆ ಕೊಡಲಾಗದು. ಜಾಹೀರಾತುಗಳು ಹೆಚ್ಚು ಸದ್ದು ಮಾಡುವ ಎರಡು ವಿಷಯಗಳಲ್ಲಿ ಆಧಾರ ತೆಳುವಾಗಿದೆ. ವಯಸ್ಸಾದವರ ರಾತ್ರಿಯ ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಮಾತ್ರೆಯಿಂದ ಹೇಳಿಕೊಳ್ಳುವಂಥ ಉಪಯೋಗವಾಗುವ ಸಂಭವ ಕಡಿಮೆ ಎಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ತಿಳಿಸಿದೆ. ನಿದ್ರೆಯ ಕುರಿತ ಅಧ್ಯಯನಗಳು ಚಿಕ್ಕವು ಮತ್ತು ದುರ್ಬಲವಾದವು.

ದಿನಕ್ಕೆ ಎಷ್ಟು ಬೇಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ವಯಸ್ಕ ಪುರುಷರಿಗೆ 340 ಮತ್ತು ಮಹಿಳೆಯರಿಗೆ 310 ಮಿಲಿಗ್ರಾಂ ಎಂದು ನಿಗದಿಪಡಿಸಿತ್ತು. 2020ರ ಪರಿಷ್ಕರಣೆಯಲ್ಲಿ ಆ ಪ್ರಮಾಣವನ್ನು ಹೆಚ್ಚಿಸಿತು. ಅಮೆರಿಕದಲ್ಲಿ ಪುರುಷರಿಗೆ 400ರಿಂದ 420, ಮಹಿಳೆಯರಿಗೆ 310ರಿಂದ 320, ಗರ್ಭಿಣಿಯರಿಗೆ ಸುಮಾರು 350 ಮಿಲಿಗ್ರಾಂ ಎಂಬ ಲೆಕ್ಕವಿದೆ. ಮನೆಯ ಬಳಕೆಗೆ ಇಷ್ಟು ಸೂಕ್ಷ್ಮ ಬೇಡ: ಗಂಡಸರು 400ರ ಸುತ್ತ, ಹೆಂಗಸರು 350ರ ಸುತ್ತ ಎಂದು ಇಟ್ಟುಕೊಂಡರೆ ಸಾಕು. ತಿಂದದ್ದರಲ್ಲಿ ಸಾಮಾನ್ಯವಾಗಿ ಶೇಕಡಾ 30ರಿಂದ 40ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ ಎಂಬುದನ್ನು ಗಣನೆಗೆ ತೆಗೆದುಕೊಂಡೇ ಈ ಅಂಕಿಗಳನ್ನು ನಿಗದಿಪಡಿಸಿದ್ದಾರೆ. ಒಂದು ದಿನ ಕಡಿಮೆಯಾದರೆ ಗಾಬರಿಯಾಗಬೇಕಿಲ್ಲ. ಕರುಳು ಹೆಚ್ಚು ಹೀರಿಕೊಳ್ಳುತ್ತದೆ, ಮೂತ್ರಪಿಂಡ ಕಡಿಮೆ ಹೊರಹಾಕುತ್ತದೆ. ತಿಂಗಳುಗಟ್ಟಲೆ ಕಡಿಮೆಯಾದಾಗಲೇ ಎಲುಬಿನ ದಾಸ್ತಾನು ಕರಗುವುದು.

ಮೊದಲ ಬದಲಾವಣೆ ಧಾನ್ಯದಲ್ಲಿ

ಧಾನ್ಯದ ಮೆಗ್ನೀಸಿಯಂ ಬಹುಪಾಲು ಅದರ ಹೊಟ್ಟಿನಲ್ಲಿ ಮತ್ತು ಮೊಳಕೆಯ ಭಾಗದಲ್ಲಿ ಇರುತ್ತದೆ. ಗಿರಣಿಯಲ್ಲಿ ಬೆಳ್ಳಗೆ ಪಾಲಿಶ್ ಮಾಡುವಾಗ ಹೋಗುವುದು ಅದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕವನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 20 ಮಿಲಿಗ್ರಾಂ ಮೆಗ್ನೀಸಿಯಂ ಇದ್ದರೆ, ತೌಡು ತೆಗೆಯದ ಅಕ್ಕಿಯಲ್ಲಿ 90ಕ್ಕೂ ಹೆಚ್ಚು, ಗೋಧಿ ಹಿಟ್ಟಿನಲ್ಲಿ ಸುಮಾರು 125, ಜೋಳದಲ್ಲಿ 130ರ ಆಸುಪಾಸು, ರಾಗಿಯಲ್ಲಿ ಸುಮಾರು 145 ಮಿಲಿಗ್ರಾಂ ಇದೆ. ಅಂದರೆ ಒಂದು ಹೊತ್ತು ಅನ್ನದ ಬದಲು ಅಷ್ಟೇ ತೂಕದ ರಾಗಿ ಉಂಡರೆ ಆ ಊಟದ ಧಾನ್ಯದಿಂದ ಬರುವ ಮೆಗ್ನೀಸಿಯಂ ಏಳು ಪಟ್ಟಾಗುತ್ತದೆ. ಬೇರೆ ಯಾವ ಒಂದೇ ಬದಲಾವಣೆಯಿಂದಲೂ ಇಷ್ಟು ಸುಲಭವಾಗಿ ಇಷ್ಟು ಲಾಭವಾಗುವುದಿಲ್ಲ. ಹಾಗಾಗಿ ಬಾದಾಮಿ, ಆವಕಾಡೊ ಎಂದು ಹುಡುಕುವ ಮೊದಲು ಇಲ್ಲಿಂದ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆ ಮೈಸೂರಿನ ಕಡೆಯವರು ರಾತ್ರಿಯೋ ಮಧ್ಯಾಹ್ನವೋ ಒಂದು ಹೊತ್ತು ಮುದ್ದೆಯನ್ನು ಮರಳಿ ತರುವುದು, ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯನ್ನು ಕೈಬಿಡದಿರುವುದು, ಕರಾವಳಿಯವರು ಬೆಳ್ತಿಗೆ ಎಂಬ ಬಿಳಿ ಅಕ್ಕಿಯ ಬದಲು ತೌಡು ಉಳಿದಿರುವ ಕೆಂಪು ಕುಚಲಕ್ಕಿಯನ್ನು ಆರಿಸಿಕೊಳ್ಳುವುದು, ಹೀಗೆ ಅವರವರ ರೂಢಿಯೊಳಗೇ ದಾರಿಯಿದೆ. ಮುದ್ದೆ ನುಂಗಲು ಬಾರದ ಮಕ್ಕಳಿಗೆ ರಾಗಿ ರೊಟ್ಟಿ, ರಾಗಿ ದೋಸೆ, ಅಂಬಲಿ ಆಗಬಹುದು. ಇಡ್ಲಿ ಅಥವಾ ದೋಸೆಗೆ ನೆನೆಸುವ ಅಕ್ಕಿಯಲ್ಲಿ ಅರ್ಧ ಭಾಗಕ್ಕೆ ರಾಗಿಯನ್ನೋ ನವಣೆಯನ್ನೋ ಹಾಕಿದರೆ ರುಚಿ ಹೆಚ್ಚು ಕೆಡುವುದಿಲ್ಲ.

ಕೊಳ್ಳುವಾಗ ಎರಡು ಎಚ್ಚರಿಕೆಗಳು ಅಗತ್ಯ. ನವಣೆ, ಸಾಮೆ, ಹಾರಕ, ಊದಲು ಮೊದಲಾದ ಸಿರಿಧಾನ್ಯಗಳು ಈಗ ಅಕ್ಕಿಯಂತೆಯೇ ಪಾಲಿಶ್ ಆಗಿ ಬರುತ್ತಿವೆ. ಬೆಳ್ಳಗೆ ಹೊಳೆಯುವ ಸಾಮೆಗೆ ಹೆಚ್ಚು ಬೆಲೆ ತೆತ್ತು ತಂದರೂ ಅದರ ತೌಡು ಅಂಗಡಿಗೆ ಬರುವ ಮೊದಲೇ ಹೋಗಿರುತ್ತದೆ. ತುಸು ಮಾಸಲು ಬಣ್ಣದ, ಪಾಲಿಶ್ ಮಾಡದ ಧಾನ್ಯವನ್ನೇ ಕೇಳಿ ಪಡೆಯಬೇಕು. ಎರಡನೆಯದು, ಪೊಟ್ಟಣದ ಮೇಲೆ ರಾಗಿ ಎಂದು ದೊಡ್ಡದಾಗಿ ಬರೆದಿರುವ ಬಿಸ್ಕತ್ತು, ಶಾವಿಗೆ, ಬ್ರೆಡ್ಡುಗಳ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಬೇಕು. ಅಲ್ಲಿ ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ಮನೆಯಲ್ಲಿ ರಾಗಿ ಹಿಟ್ಟನ್ನು ತೀರಾ ನಯವಾದ ಬಟ್ಟೆಯಲ್ಲಿ ಸೋಸುವುದರಿಂದಲೂ ಸಿಪ್ಪೆಯೊಂದಿಗೆ ಖನಿಜ ಹೋಗುತ್ತದೆ. ಹಸುಗೂಸಿಗೆ ಅದು ಬೇಕಾದೀತು, ದೊಡ್ಡವರಿಗೆ ಬೇಡ.

ಬೇಯಿಸುವಾಗ ಕಳೆದುಕೊಳ್ಳದಿರುವುದು

ಮೆಗ್ನೀಸಿಯಂ ಬಿಸಿಗೆ ನಾಶವಾಗುವ ವಸ್ತುವಲ್ಲ. ಅದು ನೀರಿಗೆ ಇಳಿಯುತ್ತದೆ, ಆ ನೀರನ್ನು ಚೆಲ್ಲಿದಾಗ ಹೋಗುತ್ತದೆ. ಸೊಪ್ಪಿನ ಹಸಿರು ಬಣ್ಣಕ್ಕೆ ಕಾರಣವಾದ ಪತ್ರಹರಿತಿನ ಪ್ರತಿ ಅಣುವಿನ ನಡುವೆಯೂ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ಸೊಪ್ಪನ್ನು ಕುದಿಸಿದಾಗ ಅದರಲ್ಲಿ ಒಂದು ಪಾಲು ಬೆಂದ ನೀರಿನಲ್ಲಿ ಸೇರುತ್ತದೆ. ಈ ವಿಷಯದಲ್ಲಿ ಬಸ್ಸಾರಿನಷ್ಟು ಜಾಣತನದ ಅಡುಗೆ ಇನ್ನೊಂದಿಲ್ಲ ಎನ್ನಬಹುದು. ಸೊಪ್ಪು ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು ಮಾಡಿ, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವ ಈ ಕ್ರಮದಲ್ಲಿ ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಬೇಳೆ ಬೇಯಿಸಿದ ನೀರಿನಿಂದ ಮಾಡುವ ಹೋಳಿಗೆ ಸಾರಿನದೂ ಇದೇ ತರ್ಕ. ಬಸ್ಸಾರು ಮಾಡಲು ವ್ಯವಧಾನವಿಲ್ಲದವರು ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆದು, ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಿ, ಆ ನೀರನ್ನು ಪಲ್ಯದಲ್ಲೇ ಇಂಗಿಸಿದರೆ ಆಯಿತು. ಅನ್ನ ಬಸಿಯುವ ಮನೆಗಳಲ್ಲಿ ಗಂಜಿ ತಿಳಿಯನ್ನು ಚೆಲ್ಲದೆ ಕುಡಿಯುವ ಅಭ್ಯಾಸವನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಯಾವ ಸೊಪ್ಪು ಎಂಬ ಪ್ರಶ್ನೆಗೆ, ದಂಟು, ಹರಿವೆ, ನುಗ್ಗೆ, ಪಾಲಕ್ ಎಲ್ಲವೂ ಒಳ್ಳೆಯವೇ ಎಂದು ಉತ್ತರಿಸಬಹುದು. ಪಾಲಕ್‌ನಲ್ಲಿ ಖನಿಜವನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಎಂಬ ವಸ್ತು ಹೆಚ್ಚಿರುವುದರಿಂದ ಅದರ ಮೆಗ್ನೀಸಿಯಂ ಪೂರ್ತಿ ದಕ್ಕುವುದಿಲ್ಲ. ದಿನವೂ ಒಂದೇ ಸೊಪ್ಪಿಗೆ ಅಂಟಿಕೊಳ್ಳದೆ ಬದಲಾಯಿಸುತ್ತಾ ಹೋಗಬೇಕು. ಕಾಳು ಮತ್ತು ಇಡಿಧಾನ್ಯಗಳಲ್ಲಿರುವ ಫೈಟೇಟ್ ಕೂಡ ಖನಿಜವನ್ನು ಹಿಡಿದಿಟ್ಟುಕೊಂಡು ಹೀರಿಕೆಗೆ ಅಡ್ಡಿಯಾಗುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಈ ಮೂರರಿಂದಲೂ ಫೈಟೇಟ್ ತಗ್ಗುತ್ತದೆ. ಹುರುಳಿಯನ್ನು ಮೊಳಕೆ ಕಟ್ಟಿ ಸಾರು ಮಾಡುವುದು, ಅಂಬಲಿಯನ್ನು ರಾತ್ರಿಯಿಡೀ ಹುಳಿಯಲು ಬಿಡುವುದು, ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಇವೆಲ್ಲ ಇದೇ ಕೆಲಸ ಮಾಡುತ್ತವೆ. ಫೈಟೇಟ್‌ಗೆ ಹೆದರಿ ಇಡಿಧಾನ್ಯವನ್ನು ಬಿಡುವುದು ಮಾತ್ರ ಮೂರ್ಖತನವಾದೀತು. ಹೀರಿಕೆ ಸ್ವಲ್ಪ ತಗ್ಗಿದರೂ ರಾಗಿಯಿಂದ ಸಿಗುವ ಪಾಲು ಬಿಳಿ ಅನ್ನದಿಂದ ಸಿಗುವುದಕ್ಕಿಂತ ಹೆಚ್ಚೇ.

ಕಾಳು, ಎಣ್ಣೆಕಾಳು ಮತ್ತು ಒಂದು ದಿನದ ಲೆಕ್ಕ

ಹೆಸರುಕಾಳು, ಅಲಸಂದೆ, ಉದ್ದು, ಕಡಲೆ, ಹುರುಳಿ ಇವುಗಳಲ್ಲಿ 100 ಗ್ರಾಂಗೆ 150ರಿಂದ 200 ಮಿಲಿಗ್ರಾಂವರೆಗೆ ಮೆಗ್ನೀಸಿಯಂ ಇರುತ್ತದೆ. ತೊಗರಿಬೇಳೆಯಲ್ಲಿ ಸುಮಾರು 120. ತೂಕಕ್ಕೆ ತಕ್ಕಂತೆ ನೋಡಿದರೆ ಇನ್ನೂ ಶ್ರೀಮಂತವಾದವು ಬೀಜಗಳು. ಕುಂಬಳ ಬೀಜದಲ್ಲಿ 500 ಮಿಲಿಗ್ರಾಂ ದಾಟುತ್ತದೆ, ಎಳ್ಳು ಮತ್ತು ಅಗಸೆಯಲ್ಲಿ 350ರ ಸುತ್ತ, ಗೋಡಂಬಿ ಮತ್ತು ಬಾದಾಮಿಯಲ್ಲಿ ಸುಮಾರು 300, ಶೇಂಗಾದಲ್ಲಿ 170ರಿಂದ 200. ಸಿಹಿಗುಂಬಳವನ್ನು ಹೆಚ್ಚುವಾಗ ಬೀಜವನ್ನು ಕಸಕ್ಕೆ ಹಾಕುವ ಬದಲು ತೊಳೆದು ಒಣಗಿಸಿ ಹುರಿದಿಟ್ಟುಕೊಂಡರೆ ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಾರುವ ಅದೇ ವಸ್ತು ಪುಕ್ಕಟೆಯಾಗಿ ಸಿಗುತ್ತದೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಪಕ್ಕಕ್ಕೆ ಬರುವ ಅಗಸಿ ಹಿಂಡಿ ಮತ್ತು ಶೇಂಗಾ ಹಿಂಡಿಗಳನ್ನು ರುಚಿಗೆಂದೇ ತಿನ್ನುತ್ತೇವಾದರೂ ಎರಡು ಚಮಚ ಅಗಸಿ ಹಿಂಡಿಯಿಂದ ಐವತ್ತು ಮಿಲಿಗ್ರಾಂನಷ್ಟು ಮೆಗ್ನೀಸಿಯಂ ಸೇರುತ್ತದೆ. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿಯೂ ಎಳ್ಳು, ಶೇಂಗಾ, ಕೊಬ್ಬರಿ, ಹುರಿಗಡಲೆ ಎಲ್ಲವೂ ಇದೇ ಗುಂಪಿನವು. ಅದನ್ನು ಬೆಲ್ಲ ಕಡಿಮೆ ಮಾಡಿ ವರ್ಷವಿಡೀ ತಿಂದರೆ ತಪ್ಪೇನಿಲ್ಲ.

ಒಂದು ದಿನದ ಸಾಧಾರಣ ಊಟವನ್ನು ಲೆಕ್ಕ ಹಾಕಿ ನೋಡೋಣ. ಮೂರು ಹೊತ್ತೂ ಅಕ್ಕಿಯದೇ ತಿಂಡಿ ಮತ್ತು ಊಟ, ಒಟ್ಟು 350 ಗ್ರಾಂ ಅಕ್ಕಿ, 40 ಗ್ರಾಂ ತೊಗರಿಬೇಳೆ, ಒಂದಿಷ್ಟು ತರಕಾರಿ, ಒಂದು ಬಟ್ಟಲು ಮೊಸರು, ನಾಲ್ಕು ಬಿಸ್ಕತ್ತು ಎಂದಿಟ್ಟುಕೊಂಡರೆ ಮೆಗ್ನೀಸಿಯಂ 180 ಮಿಲಿಗ್ರಾಂ ಮುಟ್ಟುವುದೂ ಕಷ್ಟ. ಹೊಟ್ಟೆ ತುಂಬಿರುತ್ತದೆ, ಆದರೆ ಬೇಕಾದ ಅರ್ಧದಷ್ಟು ಮಾತ್ರ ಸಿಕ್ಕಿರುತ್ತದೆ. ಅದೇ ಮನೆಯಲ್ಲಿ 75 ಗ್ರಾಂ ಹಿಟ್ಟಿನ ಒಂದು ಮುದ್ದೆಯಿಂದ 110, ಬಸ್ಸಾರಿನ 40 ಗ್ರಾಂ ಹೆಸರುಕಾಳಿನಿಂದ 75, 100 ಗ್ರಾಂ ಸೊಪ್ಪಿನಿಂದ ಸುಮಾರು 80, ಸಂಜೆಯ ಒಂದು ಹಿಡಿ ಶೇಂಗಾದಿಂದ 50, ಒಂದು ಬಾಳೆಹಣ್ಣಿನಿಂದ 30, ಉಳಿದ ಅನ್ನ ಮೊಸರಿನಿಂದ 40 ಎಂದರೆ 385 ಆಗುತ್ತದೆ. ಇದರಲ್ಲಿ ವಿದೇಶಿ ಪದಾರ್ಥ ಒಂದೂ ಇಲ್ಲ, ಖರ್ಚೂ ಮೊದಲಿನ ಊಟಕ್ಕಿಂತ ಹೆಚ್ಚೇನಲ್ಲ. ಹಾಲು ಮೊಸರುಗಳಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿದ್ದರೂ ಮೆಗ್ನೀಸಿಯಂ 100 ಗ್ರಾಂಗೆ ಹತ್ತು ಹನ್ನೆರಡು ಮಿಲಿಗ್ರಾಂ ಮಾತ್ರ ಎಂಬುದನ್ನು ನೆನಪಿಡಬೇಕು.

ಕುಡಿಯುವ ನೀರಿನಿಂದಲೂ ಸ್ವಲ್ಪ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 30 ಮಿಲಿಗ್ರಾಂ ಮೆಗ್ನೀಸಿಯಂ ಒಪ್ಪಬಹುದಾದ ಮಿತಿ. ಗಡಸು ನೀರಿನಲ್ಲಿ ಅದಕ್ಕಿಂತ ಹೆಚ್ಚಿರುವುದೂ ಉಂಟು. ಆರ್‌ಒ ಯಂತ್ರ ಇದರಲ್ಲಿ ಬಹುಪಾಲನ್ನು ತೆಗೆದುಬಿಡುತ್ತದೆ. ಹಾಗೆಂದು ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ಖನಿಜದ ಆಸೆಗೆ ಶುದ್ಧೀಕರಿಸದೆ ಕುಡಿಯಬಾರದು. ನೀರಿನಲ್ಲಿ ಹೋದದ್ದನ್ನು ಒಂದು ಹಿಡಿ ಶೇಂಗಾ ತುಂಬಿಕೊಡುತ್ತದೆ.

ಕೊರತೆ ಯಾರಿಗೆ

ಊಟ ಚೆನ್ನಾಗಿದ್ದರೂ ಕೊರತೆಯಾಗುವ ಕೆಲವರಿದ್ದಾರೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಲ್ಲಿ ಮೂತ್ರದೊಂದಿಗೆ ಮೆಗ್ನೀಸಿಯಂ ಹರಿದುಹೋಗುತ್ತದೆ. ಬಹಳ ದಿನದ ಭೇದಿ, ಸೀಲಿಯಾಕ್ ಅಥವಾ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇದ್ದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅತಿಯಾದ ಮದ್ಯಪಾನದಲ್ಲಿ ಊಟ ಕಡಿಮೆಯಾಗುವುದರ ಜೊತೆಗೆ ಮೂತ್ರದಲ್ಲಿ ನಷ್ಟವೂ ಹೆಚ್ಚುತ್ತದೆ. ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಮತ್ತು ಥಯಾಜೈಡ್ ಗುಂಪಿನ ಮಾತ್ರೆಗಳಿಂದಲೂ ಹೀಗಾಗಬಹುದು. ನಮ್ಮಲ್ಲಿ ಹೆಚ್ಚು ಗಮನಿಸಬೇಕಾದದ್ದು ಗ್ಯಾಸ್ಟ್ರಿಕ್ ಮಾತ್ರೆಗಳನ್ನು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದವನ್ನು ವರ್ಷಕ್ಕೂ ಮೀರಿ ತೆಗೆದುಕೊಳ್ಳುವವರಲ್ಲಿ ಮೆಗ್ನೀಸಿಯಂ ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿಯೇ ಎಚ್ಚರಿಸಿದೆ. ಬೆಳಿಗ್ಗೆ ಎದ್ದೊಡನೆ ಒಂದು ಗ್ಯಾಸ್ಟ್ರಿಕ್ ಮಾತ್ರೆ ಎಂಬ ಅಭ್ಯಾಸವನ್ನು ವೈದ್ಯರನ್ನು ಕೇಳದೆ ವರ್ಷಾನುಗಟ್ಟಲೆ ಮುಂದುವರಿಸುವವರು ಅದನ್ನು ಇನ್ನೂ ಮುಂದುವರಿಸಬೇಕೇ ಎಂದು ಮೊದಲು ವಿಚಾರಿಸಬೇಕು.

ಹಸಿವಿಲ್ಲದಿರುವುದು, ವಾಕರಿಕೆ, ಆಯಾಸ, ನಿಶ್ಶಕ್ತಿ ಇವು ಕೊರತೆಯ ಆರಂಭದ ಲಕ್ಷಣಗಳು. ತೀವ್ರವಾದಾಗ ಜೋಮು, ಸ್ನಾಯು ಸೆಳೆತ, ಎದೆಬಡಿತದ ಏರುಪೇರು, ಫಿಟ್ಸ್ ಕಾಣಿಸಿಕೊಳ್ಳುತ್ತವೆ. ಆದರೆ ಆಯಾಸವೊಂದನ್ನೇ ಹಿಡಿದು ಮೆಗ್ನೀಸಿಯಂ ಕೊರತೆ ಎಂದು ನಿರ್ಧರಿಸಬಾರದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಸುಸ್ತಾದ ಹೆಣ್ಣುಮಗಳು ಮೊದಲು ಮಾಡಿಸಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ಆನಂತರ ಥೈರಾಯ್ಡ್ ಮತ್ತು ಬಿ12. ಮೆಗ್ನೀಸಿಯಂನ ರಕ್ತಪರೀಕ್ಷೆಗೂ ಮಿತಿಯಿದೆ. ರಕ್ತದಲ್ಲಿರುವುದು ಒಟ್ಟಿನ ಶೇಕಡಾ ಒಂದಕ್ಕಿಂತ ಕಡಿಮೆ ಆಗಿರುವುದರಿಂದಲೂ ದೇಹ ಅದನ್ನು ಎಲುಬಿನಿಂದ ತಂದು ಸರಿದೂಗಿಸುವುದರಿಂದಲೂ ವರದಿ ಸರಿಯಾಗಿ ಬಂದ ಮಾತ್ರಕ್ಕೆ ಕೊರತೆಯಿಲ್ಲವೆನ್ನಲಾಗದು. ಆದರೆ ವರದಿಯಲ್ಲಿ ಕಡಿಮೆ ಎಂದು ಬಂದರೆ ಅದನ್ನು ಗಂಭೀರವಾಗಿ ಪರಿಗಣಿಸಲೇಬೇಕು.

ಮಾತ್ರೆ ತೆಗೆದುಕೊಳ್ಳುವುದೇ ಆದರೆ

ವೈದ್ಯರು ಬರೆದುಕೊಟ್ಟಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗದೆ, ಅದರಲ್ಲಿ ನಿಜವಾದ ಮೆಗ್ನೀಸಿಯಂ ಎಷ್ಟು ಎಂಬುದನ್ನು ನೋಡಬೇಕು. ಅದನ್ನು ಎಲಿಮೆಂಟಲ್ ಮೆಗ್ನೀಸಿಯಂ ಎಂದು ಸಣ್ಣ ಅಕ್ಷರದಲ್ಲಿ ನಮೂದಿಸಿರುತ್ತಾರೆ. ಮೆಗ್ನೀಸಿಯಂ ಗ್ಲೈಸಿನೇಟ್ 1000 ಮಿಲಿಗ್ರಾಂ ಎಂದಿದ್ದರೆ ಅದರಲ್ಲಿರುವ ಖನಿಜ ಸುಮಾರು 140 ಮಿಲಿಗ್ರಾಂ ಮಾತ್ರ. ಆಕ್ಸೈಡ್ ರೂಪದಲ್ಲಿ ಶೇಕಡಾ 60ರಷ್ಟು ಖನಿಜವಿದ್ದರೂ ಅದು ಹೀರಿಕೆಯಾಗುವುದು ಕಡಿಮೆ, ಹೊಟ್ಟೆ ಸಡಿಲಿಸುವುದು ಹೆಚ್ಚು. ಸಿಟ್ರೇಟ್ ಚೆನ್ನಾಗಿ ಹೀರಿಕೆಯಾಗುತ್ತದೆ, ಮಲಬದ್ಧತೆಯಿರುವವರಿಗೆ ಹೊಂದುತ್ತದೆ. ಗ್ಲೈಸಿನೇಟ್ ಹೊಟ್ಟೆಗೆ ಮೆತ್ತಗೆ, ಜೇಬಿಗೆ ಭಾರ. ಊಟದ ಜೊತೆಗೆ, ಬೇಕಾದರೆ ಎರಡು ಹೊತ್ತಿಗೆ ಹಂಚಿ ತೆಗೆದುಕೊಂಡರೆ ಭೇದಿಯ ತೊಂದರೆ ತಗ್ಗುತ್ತದೆ. ಆಹಾರದಿಂದ ಬರುವ ಮೆಗ್ನೀಸಿಯಂಗೆ ಮೇಲ್ಮಿತಿಯಿಲ್ಲ. ಮಾತ್ರೆಯಿಂದ ಬರುವುದಕ್ಕೆ ಅಮೆರಿಕದಲ್ಲಿ ದಿನಕ್ಕೆ 350, ಯುರೋಪಿನಲ್ಲಿ 250 ಮಿಲಿಗ್ರಾಂ ಮಿತಿಯಿದ್ದು, ಅದನ್ನು ಮೀರಬೇಕಾದರೆ ವೈದ್ಯರ ನಿಗಾ ಬೇಕು. ಮಕ್ಕಳಿಗೆ ತಾವಾಗಿ ಕೊಡಲೇಬಾರದು.

ಬೇರೆ ಔಷಧಗಳೊಂದಿಗೆ ಅಂತರ ಇಡಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್‌ಗಳನ್ನು ಮೆಗ್ನೀಸಿಯಂಗೆ ಕನಿಷ್ಠ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಅನಂತರ ತೆಗೆದುಕೊಳ್ಳಬೇಕು, ಇಲ್ಲವಾದರೆ ಅವು ಮೆಗ್ನೀಸಿಯಂ ಜೊತೆ ಕಟ್ಟಿಕೊಂಡು ವ್ಯರ್ಥವಾಗುತ್ತವೆ. ಎಲುಬಿನ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನೂ ಇದರೊಂದಿಗೆ ನುಂಗುವಂತಿಲ್ಲ. ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಿದ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟರೆ ಹಾಯೆನಿಸುವುದು ನಿಜ, ಆದರೆ ಚರ್ಮದ ಮೂಲಕ ಬೇಕಾದಷ್ಟು ಮೆಗ್ನೀಸಿಯಂ ಒಳಸೇರುತ್ತದೆ ಎನ್ನಲು ತಕ್ಕ ಆಧಾರವಿಲ್ಲ.

ಮೂತ್ರಪಿಂಡದ ತೊಂದರೆ ಇರುವವರಿಗೆ

ಹೆಚ್ಚಾದ ಮೆಗ್ನೀಸಿಯಂ ಅನ್ನು ಹೊರಹಾಕುವುದು ಮೂತ್ರಪಿಂಡ. ಅದು ಸೋತಿರುವವರಲ್ಲಿ ಮಾತ್ರೆಯಷ್ಟೇ ಅಲ್ಲ, ಮೆಗ್ನೀಸಿಯಂ ಇರುವ ಆ್ಯಂಟಾಸಿಡ್ (ಹೊಟ್ಟೆಯ ಆಮ್ಲ ತಗ್ಗಿಸುವ ಮದ್ದು) ಮತ್ತು ಭೇದಿ ಮಾಡಿಸುವ ಔಷಧಗಳೂ ರಕ್ತದಲ್ಲಿ ಅದನ್ನು ಏರಿಸುತ್ತವೆ. ಮಂಪರು, ರಕ್ತದೊತ್ತಡ ಕುಸಿತ, ಸ್ನಾಯುಗಳ ಬಲಹೀನತೆ, ಕೊನೆಗೆ ಉಸಿರು ಮತ್ತು ಹೃದಯ ನಿಲ್ಲುವವರೆಗೂ ಹೋಗಬಹುದು. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ಏರುವ ಅಂಶ) ಹೆಚ್ಚಿದೆ ಎಂದು ತಿಳಿದವರು ಅಂಗಡಿಯಿಂದ ಜೀರ್ಣದ ಸಿರಪ್ ಕೊಳ್ಳುವಾಗಲೂ ಅದರಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇದೆಯೇ ಎಂದು ಓದಿಕೊಳ್ಳಬೇಕು. ಮೇಲೆ ಹೇಳಿದ ಬಸಿದ ನೀರಿನ ಸಲಹೆಯೂ ಅವರಿಗೆ ಅನ್ವಯಿಸುವುದಿಲ್ಲ. ಪೊಟ್ಯಾಸಿಯಂ ತಗ್ಗಿಸಬೇಕಾದ ಇಂಥ ರೋಗಿಗಳಿಗೆ ಸೊಪ್ಪು ತರಕಾರಿಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲುವಂತೆ ಆಹಾರತಜ್ಞರು ಹೇಳುತ್ತಾರೆ; ಅವರು ಕೊಟ್ಟ ಪಟ್ಟಿಯನ್ನೇ ಪಾಲಿಸಿ, ರಾಗಿ, ಕಾಳು, ಬೀಜಗಳ ಪ್ರಮಾಣವನ್ನು ಅವರನ್ನು ಕೇಳಿಯೇ ನಿರ್ಧರಿಸಬೇಕು.